ಅಗ್ಗದ ಭಯ: ಕಡಿಮೆ ವೆಚ್ಚದ ದೆವ್ವದ ಚಿತ್ರಗಳೂ ನಮ್ಮ ಪ್ರಸಂಗಪೀಠವೂ

ದೈವಶಾಸ್ತ್ರದ ಪತ್ರಿಕೆಗಳು ಚಲನಚಿತ್ರದ ಕುರಿತು ಬರೆಯುವಾಗ ಸಾಮಾನ್ಯವಾಗಿ ಮರ್ಯಾದಸ್ಥರ ಮನೆಗಳಿಗೇ ಹೋಗುತ್ತವೆ. ಬರ್ಗ್‌ಮನ್, ಬ್ರೆಸ್ಸೋನ್, ತಾರ್ಕೋವ್‌ಸ್ಕಿ. ನಮ್ಮ ನಾಡಿನವರಾದರೆ ಗಿರೀಶ ಕಾಸರವಳ್ಳಿ. ಇವರಲ್ಲಿ ಕೃಪೆ, ಮೌನ, ದೇವರ ಗೈರುಹಾಜರಿ ಮುಂತಾದ ನಮಗೆ ಪ್ರಿಯವಾದ ವಿಷಯಗಳು ಸುಲಭವಾಗಿ ದೊರೆಯುತ್ತವೆ. ಆದರೆ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನಮ್ಮ ಸಭೆಗಳ ಯೌವನಸ್ಥರು ಶನಿವಾರ ರಾತ್ರಿ ನೋಡುವುದು ಇವರನ್ನಲ್ಲ. ಅವರು ನೋಡುವುದು ದೆವ್ವದ ಚಿತ್ರ. ಅದರಲ್ಲಿಯೂ ಹೆಸರಿಲ್ಲದ ನಟರ, ಒಂದೇ ಮನೆಯಲ್ಲಿ ಚಿತ್ರಿಸಿದ, ಬಣ್ಣ ಹಚ್ಚಿದ ಮುಖವಾಡವನ್ನೇ ನೆಚ್ಚಿಕೊಂಡ ಅಗ್ಗದ ಚಿತ್ರ. ಮರುದಿನ ಅದೇ ಕಣ್ಣುಗಳು, ನಿದ್ರೆಯಿಲ್ಲದೆ ಕೆಂಪಾಗಿ, ನಮ್ಮ ಆರಾಧನೆಯ ಮೂರನೆಯ ಸಾಲಿನಲ್ಲಿ ಕುಳಿತಿರುತ್ತವೆ. ಈ ಸಂಗತಿಯನ್ನು ಪ್ರಸಂಗಪೀಠದಿಂದ ಖಂಡಿಸಿದ್ದುಂಟು, ಕಂಡೂ ಕಾಣದಂತೆ ಇದ್ದುದುಂಟು. ವಿಮರ್ಶಿಸಿದ್ದು ಮಾತ್ರ ಕಡಮೆ.

ಮೊದಲು ಹೆಸರಿನ ಮಾತು. ಇಂಥ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ಎಕ್ಸ್‌ಪ್ಲಾಯ್ಟೇಶನ್ ಎಂಬ ಶಬ್ದ ರೂಢಿಯಲ್ಲಿದೆ. ಅಮೆರಿಕದ ಚಿತ್ರೋದ್ಯಮದಲ್ಲಿ ಆ ಶಬ್ದಕ್ಕೆ ಮೊದಲು ಇದ್ದ ಅರ್ಥ ಪ್ರಚಾರ, ಅಂದರೆ ಚಿತ್ರವನ್ನು ಗಟ್ಟಿಯಾಗಿ ಕೂಗಿ ಮಾರುವ ಕಲೆ. ತಾರೆಯರಿಲ್ಲದ, ಹಣವಿಲ್ಲದ ಚಿತ್ರಕ್ಕೆ ಕೂಗೊಂದೇ ಬಂಡವಾಳ. 1958ರಲ್ಲಿ ವಿಲಿಯಂ ಕ್ಯಾಸಲ್ ಎಂಬ ನಿರ್ಮಾಪಕ ತನ್ನ ‘ಮಕಾಬರ್’ ಚಿತ್ರ ನೋಡುತ್ತ ಭಯದಿಂದ ಸತ್ತ ಪ್ರೇಕ್ಷಕನ ಕುಟುಂಬಕ್ಕೆ 1000 ಡಾಲರ್ ವಿಮೆ ಕೊಡುವುದಾಗಿ ಸಾರಿದ. ಅರ್ಧ ಶತಮಾನದ ನಂತರ, 2008ರಲ್ಲಿ, ‘ಫೂಂಕ್’ ಚಿತ್ರವನ್ನು ಒಬ್ಬರೇ ಕುಳಿತು ನೋಡುವವರಿಗೆ 5 ಲಕ್ಷ ರೂಪಾಯಿ ಎಂದು ರಾಮಗೋಪಾಲ ವರ್ಮ ಘೋಷಿಸಿದ್ದು ಅದೇ ವಿದ್ಯೆ. ಕನ್ನಡದಲ್ಲಿ ನಾವು ಆ ಶಬ್ದವನ್ನು ‘ಶೋಷಣೆ’ ಎಂದು ಅನುವಾದಿಸಿದೊಡನೆ ಕೂಗಿನ ಅರ್ಥ ಬಿದ್ದುಹೋಗಿ, ಯಾರನ್ನೋ ಹಿಂಡುವ ಅರ್ಥವೊಂದೇ ಉಳಿಯುತ್ತದೆ. ಎರಡನ್ನೂ ಉಳಿಸಿಕೊಳ್ಳುವುದು ನಮ್ಮ ವಿಚಾರಕ್ಕೆ ಅವಶ್ಯ. ಏಕೆಂದರೆ ಮುಂದೆ ಹೇಳಲಿರುವ ಒಂದು ವಿಷಯದಲ್ಲಿ ಸಭೆಯೂ ಎರಡು ಅರ್ಥದಲ್ಲಿಯೂ ಭಾಗಿಯಾಗಿದೆ.

ಭಾರತದಲ್ಲಿ ಈ ಬಗೆಯ ಪಿತಾಮಹರೆಂದರೆ ರಾಮ್ಸೆ ಸಹೋದರರು. ಏಳು ಮಂದಿ ಅಣ್ಣತಮ್ಮಂದಿರು ಬರವಣಿಗೆ, ಛಾಯಾಗ್ರಹಣ, ನಿರ್ದೇಶನ, ಸಂಕಲನಗಳನ್ನು ತಮ್ಮೊಳಗೇ ಹಂಚಿಕೊಂಡು, 1972ರ ‘ದೋ ಗಜ್ ಜಮೀನ್ ಕೇ ನೀಚೆ’ಯಿಂದ ಆರಂಭಿಸಿ, ‘ಪುರಾನಾ ಮಂದಿರ್’ (1984), ‘ವೀರಾನಾ’ (1988), ‘ಬಂದ್ ದರ್ವಾಜಾ’ (1990) ಎಂದು ಒಂದರ ಮೇಲೊಂದು ಕೊಟ್ಟರು. 1993ರಿಂದ ದೂರದರ್ಶನ ಪೆಟ್ಟಿಗೆಯ ಮೂಲಕ ಮನೆಯೊಳಕ್ಕೇ ಬಂದರು. ಕನ್ನಡಕ್ಕೆ ಇಂಥ ಒಂದು ಕಾರ್ಖಾನೆ ಇರಲಿಲ್ಲ. ನಮ್ಮಲ್ಲಿ ದೆವ್ವ ಬಿಡಿಬಿಡಿಯಾಗಿ ಬಂತು. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮೈಮೇಲೆ ಬಂತು, 1993ರಲ್ಲಿ ಉಪೇಂದ್ರರ ‘ಶ್!’ನಲ್ಲಿ ಚಿತ್ರೀಕರಣದ ತಂಡವೊಂದರ ನಡುವೆ ಬಂತು, 2013ರಲ್ಲಿ ಕೆ.ಎಸ್. ಅಶೋಕರ ‘6-5=2’ರಲ್ಲಿ, ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾ ಕಾಡಿನಲ್ಲಿ ಸಿಕ್ಕಿತೆಂಬ ನೆಪದಲ್ಲಿ ಬಂತು. ಈ ಕೊನೆಯ ಚಿತ್ರವನ್ನು ನಾವು ಸ್ವಲ್ಪ ಗಮನಿಸಬೇಕು. ಅದರಲ್ಲಿ ಜನಪ್ರಿಯ ತಾರೆಯರು ಯಾರೂ ಇಲ್ಲ. ನಡುಗುವ ಕೈಯ ಕ್ಯಾಮೆರಾ, ಕತ್ತಲೆ, ಏದುಸಿರು, ಲೆಕ್ಕ ಕೂಡದ ಒಂದು ಶೀರ್ಷಿಕೆ, ಇಷ್ಟೇ. ಆದರೂ ಜನ ಸಾಲುಗಟ್ಟಿ ನೋಡಿದರು. ಮರುವರ್ಷ ಅದು ಹಿಂದಿಗೂ ಹೋಯಿತು.

ಏಕೆ ನೋಡಿದರು? ‘ನಮ್ಮ ಜನ ಮೂಢರು, ದೆವ್ವವನ್ನು ನಂಬುತ್ತಾರೆ’ ಎಂಬ ಉತ್ತರ ಸುಲಭದ್ದು, ಮತ್ತು ನಮ್ಮ ಅಭಿಪ್ರಾಯದಲ್ಲಿ ತಪ್ಪು. ನಂಬುವವನು ದುಡ್ಡು ಕೊಟ್ಟು ದೆವ್ವವನ್ನು ನೋಡಲು ಹೋಗುವುದಿಲ್ಲ. ಬಾಗಿಲು ಹಾಕಿಕೊಂಡು ಮಲಗುತ್ತಾನೆ. ಜಯನಗರದ ವ್ಯಾಪಾರ ಸಂಕೀರ್ಣದಲ್ಲಿ ಹಿಂದೆ ಇದ್ದ ಪುಟ್ಟಣ್ಣ ಚಿತ್ರಮಂದಿರದಲ್ಲಾಗಲಿ, ಮಡಿವಾಳದ ಸಂಧ್ಯಾದಲ್ಲಾಗಲಿ, ತಾವರೆಕೆರೆಯ ಬಾಲಾಜಿಯಲ್ಲಾಗಲಿ ಒಂದು ಅಗ್ಗದ ದೆವ್ವದ ಚಿತ್ರವನ್ನು ಕೆಳಗಿನ ತರಗತಿಯಲ್ಲಿ ಕುಳಿತು ನೋಡಿದ ಯಾರಿಗಾದರೂ ಗೊತ್ತಿರುವ ಸಂಗತಿಯೆಂದರೆ, ಅಲ್ಲಿ ಚೀರುವಿಕೆಗಿಂತ ನಗು ಹೆಚ್ಚು. ಮುಖವಾಡದ ಅಂಚು ಕಾಣುತ್ತದೆ, ನಗು. ಬಾವಲಿಯನ್ನು ಕಟ್ಟಿದ ದಾರ ಕಾಣುತ್ತದೆ, ಮತ್ತೆ ನಗು. ಅನಂತರ, ಎಲ್ಲರೂ ನಕ್ಕು ಮೈಮರೆತ ಹೊತ್ತಿನಲ್ಲಿ, ನಿಜವಾಗಿಯೂ ಬೆನ್ನಿನಲ್ಲಿ ಚಳಿ ಹರಿಯುವ ಒಂದು ಕ್ಷಣ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿ ಇಂದು ನಾಲ್ವರು ಒಂದು ಮೊಬೈಲಿನ ಸುತ್ತ ಕುಳಿತು ನೋಡುವಾಗಲೂ ಇದೇ ಕ್ರಮ. ದುಬಾರಿ ಚಿತ್ರ ತನ್ನ ಯಂತ್ರವನ್ನು ಮುಚ್ಚಿಡುತ್ತದೆ. ಪ್ರೇಕ್ಷಕ ಅದರ ಎದುರು ಬರಿಯ ಪ್ರಜೆ. ಅಗ್ಗದ ಚಿತ್ರಕ್ಕೆ ಮುಚ್ಚಿಡುವ ಶಕ್ತಿಯಿಲ್ಲ, ಆದ್ದರಿಂದ ಪ್ರೇಕ್ಷಕನ ಸಹಾಯ ಬೇಡುತ್ತದೆ. ಅವನು ತನ್ನ ಭಯವನ್ನು ತಾನೇ ತಂದು ಆ ಪೊಳ್ಳು ಮುಖವಾಡದೊಳಗೆ ತುಂಬಬೇಕು. ಹೀಗೆ ತುಂಬುವುದು ಒಬ್ಬನಿಗೆ ಆಗದ ಕೆಲಸ, ಗುಂಪಿಗೆ ಆಗುವ ಕೆಲಸ. ಆರಾಧನಾಕ್ರಮವನ್ನು ಅಧ್ಯಯನ ಮಾಡುವವರಿಗೆ ಇದು ಅಪರಿಚಿತ ವಿದ್ಯಮಾನವಾಗಬಾರದು.

ಇಲ್ಲಿ ರುಡಾಲ್ಫ್ ಒಟ್ಟೋ ಅವರ ಹೆಸರು ಬಾರದೆ ಇರದು. 1917ರ ತಮ್ಮ ಗ್ರಂಥದಲ್ಲಿ ಅವರು ಪವಿತ್ರದ ಮುಂದಿನ ನಡುಕಕ್ಕೂ ದೆವ್ವದ ಕಥೆಯ ನಡುಕಕ್ಕೂ ದೂರದ ನಂಟಸ್ತಿಕೆ ಹೇಳಿದರು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇದನ್ನು ತಪ್ಪದೆ ಬರೆಯುತ್ತಾರೆ. ಆದರೆ ಆ ನಂಟನ್ನು ಹಿಡಿದುಕೊಂಡು, ದೆವ್ವದ ಚಿತ್ರ ನೋಡುವವನು ಅರಿಯದೆ ದೇವರನ್ನೇ ಹುಡುಕುತ್ತಿದ್ದಾನೆ ಎಂದು ತೀರ್ಮಾನಿಸುವುದು ಅವಸರದ ಮಾತು. ಅವನು ಹುಡುಕುತ್ತಿರುವುದು ಅನೇಕ ಸಲ ಬೇರೊಂದನ್ನು. ಅದು ಒಟ್ಟೋ ಗ್ರಂಥದಲ್ಲಿಲ್ಲ, ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿದೆ. ಕಾಯಿನನು ಹೇಬೆಲನನ್ನು ಕೊಂದ ಮೇಲೆ ನೆಲದಿಂದ ರಕ್ತ ಕೂಗುತ್ತದೆ. ಸತ್ಯವೇದದಲ್ಲಿ ಸತ್ತವನೊಬ್ಬನ ಪರವಾಗಿ ಏಳುವ ಮೊದಲ ಧ್ವನಿ ಅದು, ಮತ್ತು ಅದು ದೂರು. ಪ್ರಕಟನೆಯ ಆರನೆಯ ಅಧ್ಯಾಯದಲ್ಲಿ ಯಜ್ಞವೇದಿಯ ಕೆಳಗಿರುವ ಆತ್ಮಗಳೂ ಕೇಳುವುದು ಅದನ್ನೇ: ಇನ್ನೆಷ್ಟು ಕಾಲ?

ಅಗ್ಗದ ದೆವ್ವದ ಚಿತ್ರಗಳ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ದೆವ್ವ ಸುಮ್ಮನೆ ಬಂದದ್ದು ಬಹಳ ವಿರಳ. ಕೆಡಿಸಿ ಕೊಂದ ಹೆಣ್ಣು, ಗೋಡೆಯೊಳಗೆ ಮುಚ್ಚಿದ ಆಳು, ಜಮೀನಿಗಾಗಿ ಸುಟ್ಟ ಮನೆ. ಪೊಲೀಸರು ಬರೆದುಕೊಳ್ಳದ, ನ್ಯಾಯಾಲಯಕ್ಕೆ ಹೋಗದ, ಊರು ಮರೆತ ಒಂದು ಸಾವು ಇದ್ದೇ ಇರುತ್ತದೆ. ಪವನ್ ಕುಮಾರರ ‘ಯು ಟರ್ನ್’ (2016) ಅಗ್ಗದ ಸಾಲಿಗೆ ಸೇರುವ ಕೃತಿಯಲ್ಲ, ಕುಶಲ ಕೃತಿ. ಆದರೂ ಅದೇ ಬಟ್ಟೆಯ ತುಂಡು. ಲಾಲ್‌ಬಾಗಿನ ಆಚೆ, ಡಬಲ್ ರೋಡಿನ ಮೇಲ್ಸೇತುವೆಯ ನಡುವಿನ ಕಲ್ಲನ್ನು ಸರಿಸಿ ಗಾಡಿ ತಿರುಗಿಸಿಕೊಂಡು ಹೋಗುವವರು, ಹಿಂದೆ ಬಂದ ತಾಯಿಮಗುವಿನ ಸಾವಿಗೆ ಕಾರಣರಾಗುತ್ತಾರೆ. ದಿನನಿತ್ಯ ಆ ದಾರಿಯಲ್ಲಿ ಓಡಾಡುವವರಿಗೆ ಈ ಅಪರಾಧ ಎಷ್ಟು ಸಣ್ಣದು, ಎಷ್ಟು ಪರಿಚಿತ! ಅಂಥ ಸಣ್ಣ ಅಪರಾಧಕ್ಕೂ ಲೆಕ್ಕ ಇಟ್ಟವರು ಒಬ್ಬರಿದ್ದಾರೆ ಎಂಬ ಮಾತನ್ನು ನಮ್ಮ ಪ್ರಸಂಗಗಳು ಹೇಳುವುದನ್ನು ಬಿಟ್ಟು ಎಷ್ಟು ಕಾಲವಾಯಿತು? ಕೃಪೆಯನ್ನು ಬೋಧಿಸುವ ಭರದಲ್ಲಿ ನಾವು ನೆಲದ ಕೂಗನ್ನು ಬಿಟ್ಟುಕೊಟ್ಟೆವು. ಬಿಟ್ಟುದನ್ನು ಮುಖವಾಡ ಹಾಕಿದವರು ಎತ್ತಿಕೊಂಡರು. ಫಿಲಿಸ್ ಟ್ರಿಬಲ್ 1984ರಲ್ಲಿ ಹಾಗರಳು, ತಾಮಾರಳು, ಯೆಫ್ತಾಹನ ಮಗಳು, ನ್ಯಾಯಸ್ಥಾಪಕರ ಗ್ರಂಥದ ಹೆಸರಿಲ್ಲದ ಆ ಉಪಪತ್ನಿ, ಈ ನಾಲ್ವರ ಕಥೆಗಳನ್ನು ಭಯದ ಪಾಠಗಳೆಂದು ಕರೆದು ನಮ್ಮ ಮುಂದಿಟ್ಟರು. ಹನ್ನೆರಡು ತುಂಡಾಗಿ ಕತ್ತರಿಸಲ್ಪಟ್ಟ ಆ ಹೆಣ್ಣಿನ ಅಧ್ಯಾಯವನ್ನು ಭಾನುವಾರದ ಪಾಠವಾಗಿ ಓದಿದ ಸಭೆ ಎಷ್ಟಿವೆಯೋ ಬಲ್ಲವರು ಹೇಳಬೇಕು.

ಹಾಗೆಂದು ಈ ಚಿತ್ರಗಳನ್ನು ಪ್ರವಾದಿಗಳ ಸಾಲಿಗೆ ಸೇರಿಸಲು ನಾವು ಸಿದ್ಧರಿಲ್ಲ. ಅವು ದೂರನ್ನು ಎತ್ತಿಕೊಳ್ಳುತ್ತವೆ ನಿಜ, ಎತ್ತಿಕೊಂಡು ಮಾರುತ್ತವೆ. ಯಾವ ಹೆಣ್ಣಿನ ಮೇಲಿನ ಅನ್ಯಾಯಕ್ಕಾಗಿ ದೆವ್ವ ಎದ್ದು ಬರುತ್ತದೆಯೋ, ಆ ಅನ್ಯಾಯವನ್ನು ಕ್ಯಾಮೆರಾ ಮೊದಲು ಸಾವಧಾನವಾಗಿ, ಆಸೆಗಣ್ಣಿನಿಂದ, ಟಿಕೆಟ್ಟಿನ ಬೆಲೆಗೆ ತಕ್ಕಂತೆ ತೋರಿಸುತ್ತದೆ. ರಾಮ್ಸೆ ಚಿತ್ರಗಳ ಸ್ನಾನದ ದೃಶ್ಯಗಳು ಭಿತ್ತಿಪತ್ರದ ಮೇಲೆ ಎಷ್ಟು ಜಾಗ ಹಿಡಿಯುತ್ತಿದ್ದವೆಂದು ಹಿರಿಯರಿಗೆ ನೆನಪಿರಬಹುದು. ಆಮೇಲೆ, ಎದ್ದು ಬಂದವಳ ಮಾತು ಕೇಳುವ ಬದಲು ಒಬ್ಬ ಮಂತ್ರವಾದಿಯೋ ಸನ್ಯಾಸಿಯೋ ಪಾದ್ರಿಯೋ ಬಂದು ಅವಳನ್ನು ಸುಟ್ಟು ಮುಗಿಸುತ್ತಾನೆ. ಮನೆ ಶಾಂತವಾಗುತ್ತದೆ, ಜಮೀನು ಮಾತ್ರ ಹಳೆಯ ಯಜಮಾನರ ಬಳಿಯೇ ಉಳಿಯುತ್ತದೆ. ಈ ಮುಕ್ತಾಯದಲ್ಲಿ ಧರ್ಮದ ಪ್ರತಿನಿಧಿಯ ಕೆಲಸವೆಂದರೆ ದೂರುದಾರಳನ್ನು ಓಡಿಸುವುದು. ಆ ಪಾದ್ರಿಯ ನಿಲುವಂಗಿ ನಮ್ಮದು ಎಂಬುದನ್ನು ನೆನೆದಾಗ ಸ್ವಲ್ಪ ಇರಿಸುಮುರಿಸಾಗುತ್ತದೆ. ನಮ್ಮ ಸಮಾಧಿಭೂಮಿಯನ್ನೂ ಈ ಚಿತ್ರಗಳು ಪುಕ್ಕಟೆ ರಂಗಸಜ್ಜಿಕೆಯಾಗಿ ಬಳಸಿಕೊಂಡಿವೆ: ವಾಲಿದ ಶಿಲುಬೆ, ಕರಗಿದ ಮೇಣದಬತ್ತಿ, ಮಂಜು. ಗ್ರೀಕಿನಲ್ಲಿ ಆದಿಸಭೆ ಅದಕ್ಕೆ ಕೊಟ್ಟ ಹೆಸರು ‘ಮಲಗುವ ಸ್ಥಳ’ ಎಂದಾಗಿತ್ತೆಂಬುದು ಹೊಸೂರು ರಸ್ತೆಯ ಸಮಾಧಿಭೂಮಿಯ ಗೋಡೆಯ ಪಕ್ಕದಲ್ಲಿ ಹಾದುಹೋಗುವ ನಮ್ಮವರಿಗೇ ನೆನಪಿಲ್ಲದಿರುವಾಗ, ಚಿತ್ರರಂಗವನ್ನು ದೂರಿ ಫಲವೇನು?

ದೆವ್ವವಿಲ್ಲದ ಭಯದ ಚಿತ್ರ ಇನ್ನೂ ಕೆಟ್ಟದ್ದಾಗಬಲ್ಲದು. 2012ರ ‘ದಂಡುಪಾಳ್ಯ’ ನಿಜವಾಗಿ ಸತ್ತವರ ಸಾವನ್ನು ತೆಗೆದುಕೊಂಡಿತು. ಹಗಲು ಹೊತ್ತಿನಲ್ಲಿ ಒಂಟಿ ಮನೆಯ ಬಾಗಿಲು ತಟ್ಟಿ, ನೀರು ಕೇಳಿ, ಒಳನುಗ್ಗಿ ಕೊಲ್ಲುವ ತಂಡದ ಕಥೆ. ಅದು ಗೆದ್ದಿತು, ಮುಂದಿನ ಭಾಗಗಳೂ ಬಂದವು. ಊರೊಂದರ ಹೆಸರು ಶಾಶ್ವತವಾಗಿ ಬೈಗುಳವಾಯಿತು. ‘6-5=2’ರ ಕಾಡಿನ ದೆವ್ವ ಯಾರ ಮನೆಯ ಕೆಲಸದವಳ ಮೇಲೂ ಸಂಶಯ ಹುಟ್ಟಿಸುವುದಿಲ್ಲ; ‘ದಂಡುಪಾಳ್ಯ’ ಹುಟ್ಟಿಸುತ್ತದೆ. ಒಂದು ತಂಬಿಗೆ ನೀರಿನ ಕುರಿತು ಕರ್ತನು ಹೇಳಿದ ಮಾತನ್ನು ಬಲ್ಲ ನಾವು, ಬನಶಂಕರಿಯ ಕಬ್ಬಿಣದ ಜಾಲರಿಯ ಹಿಂದೆ ನಿಂತು ಬಾಯಾರಿದವನನ್ನು ಮುಂದೆ ಹೋಗೆಂದು ಹೇಳುವುದನ್ನು ಕಲಿತದ್ದು ಎಲ್ಲಿಂದ ಎಂದು ಕೇಳಿಕೊಳ್ಳಬೇಕು. ಅಗ್ಗದ ದೆವ್ವದ ಪರವಾಗಿ ನಾವು ಹೇಳಬಹುದಾದ ಬಲವಾದ ಮಾತು ಇದೇ: ಅದರ ಶತ್ರು ನೆರೆಯವನಲ್ಲ.

ಈಗ ಸಭೆಯ ವಿಷಯಕ್ಕೆ. ಅಮೆರಿಕದಲ್ಲಿ ರಾನ್ ಆರ್ಮಂಡ್ ಎಂಬ ನಿರ್ದೇಶಕನಿದ್ದ. ರಾಕ್ಷಸರು, ಅರೆಬೆತ್ತಲೆ ನರ್ತಕಿಯರು ಇರುವ ಮೂರನೆಯ ದರ್ಜೆಯ ಚಿತ್ರಗಳನ್ನು ತೆಗೆದು ಬದುಕಿದವನು. ವಿಮಾನ ಅಪಘಾತದಲ್ಲಿ ಪಾರಾದ ಮೇಲೆ ದೇವರ ಕಡೆ ತಿರುಗಿ, ಬ್ಯಾಪ್ಟಿಸ್ಟ್ ಪ್ರಸಂಗಿ ಎಸ್ಟಸ್ ಪರ್ಕಲ್ ಜೊತೆಗೂಡಿ 1974ರಲ್ಲಿ ‘ದಿ ಬರ್ನಿಂಗ್ ಹೆಲ್’ ಎಂಬ ಚಿತ್ರ ಮಾಡಿದ. ಸಭೆಗಳಲ್ಲಿ ತೋರಿಸಲೆಂದೇ ಮಾಡಿದ ಚಿತ್ರ. ನರಕದ ಬೆಂಕಿ, ಚೀರಾಟ, ಹುಳುಗಳು ಎಲ್ಲವೂ ಇದ್ದವು. ಕೈಚಳಕ ಹಳೆಯದೇ, ಬಂಡವಾಳ ಅಷ್ಟೇ ಅಗ್ಗ. ಬದಲಾದದ್ದೆಂದರೆ, ಕೊನೆಯಲ್ಲಿ ಟಿಕೆಟ್ಟಿನ ಹಣದ ಬದಲು ತೀರ್ಮಾನ ಕೇಳಿದರು. ಆರ್ಮಂಡನ ಮಾನಸಾಂತರ ನಿಜವಲ್ಲವೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಅವನ ಕ್ಯಾಮೆರಾಕ್ಕೆ ದೀಕ್ಷಾಸ್ನಾನವಾಗಲಿಲ್ಲ ಎಂದು ವಿಮರ್ಶಕರಾಗಿ ಹೇಳಬಹುದು.

ನಮ್ಮ ನಗರದಲ್ಲಿ ಇಂದು ನಡೆಯುವುದು ಇದಕ್ಕಿಂತ ಗಂಭೀರ, ಏಕೆಂದರೆ ಇಲ್ಲಿ ನಟರಿಲ್ಲ. ಬಿಡುಗಡೆಯ ಕೂಟಗಳ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿರುವುದನ್ನು ನಮ್ಮ ಓದುಗರೆಲ್ಲರೂ ಬಲ್ಲರು. ಕೂದಲು ಕೆದರಿದ ಹೆಣ್ಣು, ಅವಳ ಬಾಯಿಗೆ ಹಿಡಿದ ಧ್ವನಿವರ್ಧಕ, ‘ನೀನು ಯಾರು, ಎಲ್ಲಿಂದ ಬಂದೆ’ ಎಂಬ ಗದರಿಕೆ, ಹಿಂದೆ ಏರುವ ವಾದ್ಯ, ಸುತ್ತ ಹತ್ತು ಕ್ಯಾಮೆರಾ. ಅವಳ ಸೆರಗು ಜಾರಿದ್ದನ್ನು ಸರಿಪಡಿಸುವವರು ಆ ದೃಶ್ಯದಲ್ಲಿ ಕೆಲವೊಮ್ಮೆ ಯಾರೂ ಇರುವುದಿಲ್ಲ. ಶೋಷಣೆ ಎಂಬ ಶಬ್ದದ ಎರಡು ಅರ್ಥಗಳೂ, ಕೂಗಿ ಮಾರುವುದು ಮತ್ತು ಹಿಂಡುವುದು, ಇಲ್ಲಿ ಒಂದಾಗುತ್ತವೆ. ಬಾಡಿಗೆಯ ಸಭಾಂಗಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಹೊಸೂರು ರಸ್ತೆಯಲ್ಲಿ, 1974ರಿಂದ ಆ ಹೆಸರಿನಲ್ಲಿ ನಡೆದುಬಂದಿರುವ ನಿಮ್ಹಾನ್ಸ್ ಇದೆ. ಅಲ್ಲಿ ರೋಗಿಯ ಹೆಸರು ಗೋಪ್ಯ; ನಮ್ಮಲ್ಲಿ ಅವಳ ಮುಖವೂ ಸಾಕ್ಷಿಯ ಸಾಮಗ್ರಿ.

ಸುವಾರ್ತೆಯ ಪಾಠ ಏನು ಹೇಳುತ್ತದೆ? ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಹುಡುಗನ ತಂದೆಯೊಡನೆ ಯೇಸು ಸಾವಧಾನವಾಗಿ ಮಾತನಾಡುತ್ತಾನೆ. ಎಷ್ಟು ಕಾಲದಿಂದ ಹೀಗಿದೆ ಎಂದು ವೈದ್ಯನಂತೆ ವಿಚಾರಿಸುತ್ತಾನೆ. ಜನರ ಗುಂಪು ಓಡಿಬರುವುದನ್ನು ಕಂಡೊಡನೆ ಆಜ್ಞಾಪಿಸಿ ಮುಗಿಸುತ್ತಾನೆ. ಪ್ರೇಕ್ಷಕರು ಸೇರುವ ಮುನ್ನವೇ! ಯಾವ ನಿರ್ಮಾಪಕನೂ ಒಪ್ಪದ ಸಂಕಲನ ಇದು. ಅದೇ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ದೆವ್ವಗಳಿಗೆ ಮಾತನಾಡಲು ಆತನು ಅವಕಾಶ ಕೊಡುವುದಿಲ್ಲ. ಅಗ್ಗದ ಚಿತ್ರದಲ್ಲಿ ಅತ್ಯಂತ ಉದ್ದದ ಸಂಭಾಷಣೆ ದೆವ್ವದ್ದು, ಕೂಟದಲ್ಲಿಯೂ ಹಾಗೆಯೇ. ಗೆರಸೇನರ ಸೀಮೆಯಲ್ಲಿ ಹೆಸರು ಕೇಳಿದ್ದುಂಟು. ಆದರೆ ಆ ಕಥೆ ನಿಲ್ಲುವುದು ಸಮಾಧಿಗಳ ನಡುವಿನ ಕೂಗಾಟದಲ್ಲಲ್ಲ, ಬಟ್ಟೆ ಹಾಕಿಕೊಂಡು ಸ್ವಸ್ಥಬುದ್ಧಿಯಿಂದ ಕುಳಿತಿರುವ ಮನುಷ್ಯನಲ್ಲಿ. ಊರವರು ಹೆದರಿದ್ದು ಆ ನೆಮ್ಮದಿಯನ್ನು ಕಂಡು.

ಅನುವಾದದ ಒಂದು ತೊಡಕನ್ನೂ ಇಲ್ಲಿ ಎತ್ತಬೇಕು. ನಮ್ಮ ಸತ್ಯವೇದ ಅಶುದ್ಧಾತ್ಮಗಳಿಗೆ ‘ದೆವ್ವ’ ಎಂಬ ಶಬ್ದವನ್ನು ಬಳಸಿತು. ಕನ್ನಡದ ಆಡುಮಾತಿನಲ್ಲಿ ದೆವ್ವವೆಂದರೆ ಸತ್ತು ಶಾಂತಿ ಕಾಣದ ಮನುಷ್ಯ, ಬಹುಮಟ್ಟಿಗೆ ಹೆಣ್ಣು. ಸತ್ತ ದುಷ್ಟರ ಆತ್ಮಗಳೇ ದೆವ್ವಗಳೆಂದು ಜೋಸೆಫಸ್ ಬರೆದದ್ದುಂಟು. ಸುವಾರ್ತೆಗಾರರು ಹಾಗೆ ಹೇಳುವುದಿಲ್ಲ. ಆದರೆ ಕೇಳುಗನ ಕಿವಿಯಲ್ಲಿ ಮಾರ್ಕನೂ ರಾಮ್ಸೆಯೂ ಒಂದೇ ಶಬ್ದದ ಬಾಗಿಲಿನಿಂದ ಒಳಬರುತ್ತಾರೆ. ಆಗ ‘ದೆವ್ವ ಬಿಡಿಸಿದನು’ ಎಂಬುದು ಅನ್ಯಾಯಕ್ಕೊಳಗಾದ ಒಬ್ಬಳನ್ನು ಎರಡನೆಯ ಸಲ ಹೊರಹಾಕಿದನು ಎಂದು ಕೇಳಿಸುವ ಅಪಾಯವಿದೆ. ಶಬ್ದವನ್ನು ಬದಲಿಸಿರೆಂದು ನಾವು ಹೇಳುತ್ತಿಲ್ಲ, ಅದು ಆಗದ ಮಾತು. ಪ್ರಸಂಗ ಸಿದ್ಧಪಡಿಸುವಾಗ ಈ ಎರಡು ಅರ್ಥಗಳ ನಡುವೆ ನಿಂತು ಯೋಚಿಸಿರೆಂದು ಹೇಳುತ್ತಿದ್ದೇವೆ.

1990ರ ದಶಕದ ಬೆಂಗಳೂರಿನ ‘ನಾಳೆ ಬಾ’ ಕಥೆ ನಮ್ಮ ಹಿರಿಯ ಓದುಗರಿಗೆ ನೆನಪಿದ್ದೀತು. ರಾತ್ರಿ ಬಾಗಿಲಿಗೆ ಬರುವವಳು ಮನೆಯವರ ಧ್ವನಿಯಲ್ಲೇ ಹೆಸರು ಹಿಡಿದು ಕರೆಯುತ್ತಾಳೆ, ತೆರೆದವನು ಸಾಯುತ್ತಾನೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿ ಹಿಂದಿರುಗುತ್ತಾಳೆ, ಮರುದಿನ ಬಂದು ಮತ್ತೆ ಓದುತ್ತಾಳೆ. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದನ್ನು ಬಳಸಿಕೊಂಡು ಕೋಟಿಗಳನ್ನು ಗಳಿಸಿತು. ಬಾಗಿಲ ನಿಲುವುಪಟ್ಟಿಯ ಗುರುತು ಕಂಡು ಸಂಹಾರಕನು ದಾಟಿಹೋದ ಪಸ್ಕದ ರಾತ್ರಿಯನ್ನು ಬಲ್ಲವರಿಗೆ ಈ ಹೋಲಿಕೆ ತಟ್ಟನೆ ಹೊಳೆಯುತ್ತದೆ, ಮತ್ತು ಅಷ್ಟೇ ಬೇಗ ಮುರಿದುಬೀಳುತ್ತದೆ. ವಿಮೋಚನಕಾಂಡದಲ್ಲಿ ಗುರುತು ಹಚ್ಚಿದವರು ಒಳಗೆ ನಡುಕಟ್ಟಿಕೊಂಡು, ಕೋಲು ಹಿಡಿದು, ಬೆಳಗಾಗುವುದರೊಳಗೆ ಊರು ಬಿಡಲು ಸಿದ್ಧರಾಗಿದ್ದರು. ‘ನಾಳೆ ಬಾ’ ಬರೆದವರು ಎಲ್ಲಿಗೂ ಹೋಗುವುದಿಲ್ಲ; ಅವಳೂ ಹೋಗುವುದಿಲ್ಲ. ಅವಳಿಗೆ ಏನು ಬೇಕಾಗಿತ್ತೆಂದು ಮಾತ್ರ ಕಥೆ ಕೇಳುವುದೇ ಇಲ್ಲ.

ಸೆಮಿನರಿಗಳ ಪಾಲನಾ ಆರೈಕೆಯ ತರಗತಿಯಲ್ಲಿ ಒಂದು ಸಂಜೆ ಇಂಥ ಚಿತ್ರವೊಂದನ್ನು ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು, ನಗುವ ಕಡೆ ನಗುತ್ತ, ನೋಡುವುದು ಉಪಯುಕ್ತವೆಂದು ನಮ್ಮ ಎಣಿಕೆ. ಅದರ ಪಕ್ಕದಲ್ಲಿ ಓದಲು ನಾವು ಸೂಚಿಸುವುದು 1 ಸಮುವೇಲ 28. ಮಾರುವೇಷದ ಅರಸ, ರಾತ್ರಿ, ನಿಷಿದ್ಧ ವಿದ್ಯೆಯ ಹೆಣ್ಣು, ನೆಲದಿಂದ ಏಳುವ ಮುದುಕ, ಮರಣದ ಮುನ್ಸೂಚನೆ: ಅಗ್ಗದ ಚಿತ್ರಕ್ಕೆ ಬೇಕಾದುದೆಲ್ಲ ಅಲ್ಲಿದೆ. ಸೌಲನು ನೆಲಕ್ಕೆ ಬಿದ್ದೊಡನೆ ಯಾವ ಚಿತ್ರವಾದರೂ ಮುಗಿಯುತ್ತಿತ್ತು. ಪಾಠ ಅಲ್ಲಿಂದ ಇನ್ನೂ ಐದು ವಚನ ಮುಂದುವರಿಯುತ್ತದೆ. ದಿನವೆಲ್ಲ ಉಪವಾಸವಿದ್ದವನ ಬಳಿಗೆ ಆ ಏಂದೋರಿನ ಹೆಣ್ಣು ಬರುತ್ತಾಳೆ, ಏನಾದರೂ ತಿನ್ನೆಂದು ಒತ್ತಾಯಿಸುತ್ತಾಳೆ, ಅವನು ಒಲ್ಲೆನೆನ್ನುತ್ತಾನೆ, ಆಳುಗಳೂ ಒತ್ತಾಯಿಸುತ್ತಾರೆ. ಮನೆಯಲ್ಲಿ ಕೊಬ್ಬಿಸಿದ ಕರು ಇತ್ತು. ಅವಳು ಅದನ್ನು ಕೊಯ್ದು, ಹುಳಿ ಬರುವಷ್ಟು ಹೊತ್ತಿಲ್ಲವಾದ್ದರಿಂದ ಹುಳಿಯಿಲ್ಲದ ಹಿಟ್ಟನ್ನೇ ನಾದಿ ರೊಟ್ಟಿ ಸುಟ್ಟು, ಮರುದಿನ ಸಾಯಲಿರುವವನಿಗೂ ಅವನ ಆಳುಗಳಿಗೂ ಬಡಿಸಿದಳು.